ಕೃಪಾಸದನದ ಬಾಗಿಲು: ಪಂಡಿತಾ ರಮಾಬಾಯಿ ಮತ್ತು ಪಶ್ಚಾತ್ತಾಪದ ಅರ್ಥ

1

ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವಾದ ಗಂಗಾಮೂಲದ ಹೆಸರನ್ನು ಕೇಳದ ಕನ್ನಡಿಗರು ವಿರಳ. ಇಂದು ಚಿಕ್ಕಮಗಳೂರು ಜಿಲ್ಲೆಗೆ ಸೇರಿರುವ ಈ ಘಟ್ಟದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು, ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳಾಗಿ ರಮಾ ಜನಿಸಿದಳು. ಮುಂದೆ ಪಂಡಿತಾ ರಮಾಬಾಯಿ ಸರಸ್ವತಿ ಎಂದು ಖ್ಯಾತರಾದವರು ಇವರೇ. ಸ್ತ್ರೀ ಶಿಕ್ಷಣದ ಚರಿತ್ರೆಯಲ್ಲಿ, ವಿಧವೆಯರ ಉದ್ಧಾರದ ಚರಿತ್ರೆಯಲ್ಲಿ ಇವರ ಹೆಸರು ತಪ್ಪದೆ ಬರುತ್ತದೆ. ಆದರೆ ಅವರ ಬದುಕಿನ ಒಳಗೆ ಹರಿದ ಇನ್ನೊಂದು ಧಾರೆಯ ಕಡೆಗೆ ನಮ್ಮ ಗಮನ ಸಾಕಷ್ಟು ಹರಿದಿಲ್ಲ. ಅದು ಪಶ್ಚಾತ್ತಾಪದ ಧಾರೆ. ತಪ್ಪಿದವರು ತಿರುಗಿ ಬರಬಹುದೆ? ಬಂದರೆ ಅವರನ್ನು ಒಳಗೆ ಕರೆದುಕೊಳ್ಳುವವರು ಯಾರು? ಈ ಎರಡು ಪ್ರಶ್ನೆಗಳೇ ರಮಾಬಾಯಿಯವರನ್ನು ಒಂದು ಧರ್ಮದಿಂದ ಇನ್ನೊಂದಕ್ಕೆ ಕೊಂಡೊಯ್ದುವು, ಕೊನೆಯವರೆಗೂ ದುಡಿಸಿದುವು. ಪ್ರಸ್ತುತ ಲೇಖನದಲ್ಲಿ ಅವರ ಜೀವನವನ್ನು ಈ ನೆಲೆಯಿಂದ ನೋಡುವ ಪ್ರಯತ್ನವಿದೆ.

ಮೊದಲಿಗೆ ಪದಗಳ ವಿಚಾರ. ಪ್ರಾಯಶ್ಚಿತ್ತ, ಪಶ್ಚಾತ್ತಾಪ, ಮಾನಸಾಂತರ ಎಂಬ ಮೂರು ಮಾತುಗಳು ನಮ್ಮಲ್ಲಿ ಬಳಕೆಯಲ್ಲಿವೆ. ಮೊದಲನೆಯದು ಕರ್ಮಕ್ಕೆ, ಎರಡನೆಯದು ಹೃದಯಕ್ಕೆ, ಮೂರನೆಯದು ಇಡೀ ಬದುಕಿನ ದಿಕ್ಕಿಗೆ ಸಂಬಂಧಿಸಿದ್ದು. ಬೈಬಲಿನ ಹೀಬ್ರೂ ಭಾಷೆಯಲ್ಲಿ ಈ ಭಾವಕ್ಕೆ ಬಳಸುವ ಕ್ರಿಯಾಪದಕ್ಕೆ ತಿರುಗು, ಹಿಂದಿರುಗು ಎಂಬುದೇ ಮೂಲಾರ್ಥ; ಗ್ರೀಕಿನ ಪದಕ್ಕೆ ಮನಸ್ಸಿನ ಬದಲಾವಣೆ ಎಂದರ್ಥ. ಕನ್ನಡಕ್ಕೆ ಬೈಬಲನ್ನು ತಂದವರು ದೇವರ ಕಡೆಗೆ ತಿರುಗಿಕೊಳ್ಳುವುದು ಎಂಬ ಅಚ್ಚ ಕನ್ನಡದ ಮಾತನ್ನೂ ಬಳಸಿದರು. ಮರುಗಿ ಕೂರುವುದಷ್ಟೇ ಸಾಲದು, ಎದ್ದು ಬೇರೆ ದಾರಿ ಹಿಡಿಯಬೇಕು ಎಂಬ ಧ್ವನಿ ಈ ಮಾತಿನಲ್ಲಿದೆ. ಧರ್ಮಶಾಸ್ತ್ರಗಳೂ ಅನುತಾಪವನ್ನು ಪಾಪಪರಿಹಾರದ ಅಂಗವೆಂದು ಒಪ್ಪಿವೆ. ನಮ್ಮ ವಚನಕಾರರಂತೂ ತಮ್ಮ ದೋಷವನ್ನು ತಾವೇ ಎತ್ತಿ ಆಡಿಕೊಳ್ಳುವುದನ್ನು ಭಕ್ತಿಯ ಮೊದಲ ಮೆಟ್ಟಿಲಾಗಿಸಿದರು. ಸೂಳೆ ಸಂಕವ್ವೆಯಂಥವಳಿಗೂ ಶರಣರ ಸಾಲಿನಲ್ಲಿ ಸ್ಥಾನ ದೊರೆಯಿತು. ಆದುದರಿಂದ ರಮಾಬಾಯಿಯವರು ಎತ್ತಿದ ಪ್ರಶ್ನೆ ಕನ್ನಡ ಮನಸ್ಸಿಗೆ ಅಪರಿಚಿತವೇನಲ್ಲ. ಅವರು ಉತ್ತರ ಕಂಡುಕೊಂಡ ದಾರಿ ಮಾತ್ರ ಬೇರೆ.

2

ಅನಂತಶಾಸ್ತ್ರಿಗಳು ಕಾರ್ಕಳದ ಸಮೀಪದ ಮಾಳದ ಚಿತ್ಪಾವನ ಬ್ರಾಹ್ಮಣರು. ಪುಣೆಯಲ್ಲಿ ಓದುತ್ತಿದ್ದಾಗ ಪೇಶ್ವೆಯ ಅರಮನೆಯಲ್ಲಿ ರಾಣಿಯೊಬ್ಬರು ಸಂಸ್ಕೃತ ಕಲಿಯುತ್ತಿದ್ದುದನ್ನು ಕಂಡು, ತಮ್ಮ ಮನೆಯ ಹೆಂಗಸರಿಗೂ ದೇವಭಾಷೆಯನ್ನು ಕಲಿಸಬೇಕೆಂದು ನಿಶ್ಚಯಿಸಿದರು. ಎರಡನೆಯ ಪತ್ನಿ ಲಕ್ಷ್ಮೀಬಾಯಿಗೆ ಪಾಠ ಆರಂಭಿಸಿದಾಗ ಊರಿನವರು ಸಿಡಿದೆದ್ದರು. ಉಡುಪಿಯಲ್ಲಿ ವಿದ್ವಾಂಸರ ಮುಂದೆ ನಿಂತು, ಸ್ತ್ರೀಯರಿಗೆ ಸಂಸ್ಕೃತ ವಿದ್ಯೆ ನಿಷಿದ್ಧವಲ್ಲವೆಂಬುದನ್ನು ಶಾಸ್ತ್ರಾಧಾರದಿಂದಲೇ ಸಮರ್ಥಿಸಿಕೊಳ್ಳಬೇಕಾಯಿತು. ಆದರೂ ಊರಿನಲ್ಲಿ ನೆಮ್ಮದಿ ಸಿಗಲಿಲ್ಲ. ಶಾಸ್ತ್ರಿಗಳು ಗಂಗಾಮೂಲದ ಕಾಡು ಸೇರಿ ಅಲ್ಲಿ ಆಶ್ರಮ ಕಟ್ಟಿಕೊಂಡರು. ವೇದವನ್ನು ಮಾತ್ರ ಅವರೂ ಹೆಂಡತಿಗೆ ಕಲಿಸಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಸುಧಾರಕನ ಧೈರ್ಯಕ್ಕೂ ಒಂದು ಗಡಿಯಿತ್ತು.

ಅತಿಥಿಸತ್ಕಾರದಲ್ಲಿ ಶಾಸ್ತ್ರಿಗಳ ಸಂಪತ್ತು ಕರಗಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಕಾಡನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿಕೊಂಡು ಹೋದರು. ಅಲ್ಲಿಂದ ಹದಿನಾರು ವರ್ಷ ಅವರದು ನಿಲ್ಲದ ಪ್ರಯಾಣ. ದೇವಾಲಯಗಳ ಅಂಗಳದಲ್ಲಿ, ನದೀತೀರದಲ್ಲಿ ಪುರಾಣ ಓದುವುದು, ಭಕ್ತರು ಕೊಟ್ಟುದರಲ್ಲಿ ಜೀವಿಸುವುದು. ತಾಯಿಯ ಬಾಯಿಂದ ಕೇಳಿ ಕೇಳಿ ಬಾಲಕಿ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳನ್ನು ಕಂಠಸ್ಥ ಮಾಡಿದಳು. ಮನೆಮಾತು ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ತಾನಿ, ಮುಂದೆ ಬಂಗಾಳಿ ಭಾಷೆಗಳು ದಾರಿಯಲ್ಲಿ ನಡೆಯುತ್ತಲೇ ಬಂದುವು.

ಎಪ್ಪತ್ತರ ದಶಕದ ಬರಗಾಲ ಈ ಯಾತ್ರಿಕ ಕುಟುಂಬವನ್ನು ಮದರಾಸು ಪ್ರಾಂತದಲ್ಲಿ ಹಿಡಿಯಿತು. ದುಡ್ಡು ಮುಗಿಯಿತು, ಪಾತ್ರೆ ಒಡವೆಗಳು ಹೋದುವು. ಕೂಲಿ ಮಾಡುವುದು ಕುಲಕ್ಕೆ ಕುಂದು, ಬೇಡುವುದು ಮಾನಕ್ಕೆ ಕುಂದು ಎಂಬ ನಂಬಿಕೆ ಅವರನ್ನು ಹಸಿವಿನ ಬಾಯಿಗೆ ತಳ್ಳಿತು. 1874ರಲ್ಲಿ ತಂದೆ ತೀರಿಕೊಂಡರು. ಕೆಲವೇ ತಿಂಗಳಲ್ಲಿ ತಾಯಿ, ಬಳಿಕ ಅಕ್ಕ. ತಾಯಿಯ ಶವ ಹೊರಲು ಜನ ಸಾಲದೆ ಮಗಳೇ ಚಟ್ಟಕ್ಕೆ ಹೆಗಲು ಕೊಡಬೇಕಾಯಿತು. ಎತ್ತರ ಕಡಿಮೆಯಾದ್ದರಿಂದ ಭಾರವನ್ನು ತಲೆಯ ಮೇಲಿಟ್ಟುಕೊಂಡು ನಡೆದಳು. ಬರಗಾಲದಲ್ಲಿ ಹೆಣ್ಣೊಬ್ಬಳಿಗೆ ಏನೇನು ಆಗಬಹುದು ಎಂಬುದನ್ನು ಅವರು ಪುಸ್ತಕದಿಂದ ಅರಿತವರಲ್ಲ. ಮುಂದಿನ ಅವರ ಕಾರ್ಯವನ್ನು ಅರ್ಥಮಾಡಿಕೊಳ್ಳಲು ಈ ಸಂಗತಿ ಕೀಲಿಕೈಯಂತಿದೆ.

3

ಉಳಿದವರು ಅಣ್ಣ ಶ್ರೀನಿವಾಸ, ತಂಗಿ ರಮಾ. ಇಬ್ಬರೂ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತೆ ತಲುಪಿದರು. ಇಪ್ಪತ್ತರ ಹರೆಯದ ತರುಣಿಯ ಸಂಸ್ಕೃತ ಪಾಂಡಿತ್ಯವನ್ನು ಕಂಡು ಅಲ್ಲಿನ ವಿದ್ವಾಂಸರು ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಕ್ರೈಸ್ತರ ಕೂಟವೊಂದಕ್ಕೆ ಆಹ್ವಾನ ಬಂದಾಗ ಹೋಗಿ ನೋಡಿದರೆ, ಅವರು ಕುರ್ಚಿಗಳ ಮುಂದೆ ಮೊಣಕಾಲೂರಿದ್ದರು. ಇವರು ಕುರ್ಚಿಗಳನ್ನೇ ಪೂಜಿಸುತ್ತಾರೆಂದು ಅಣ್ಣತಂಗಿ ಭಾವಿಸಿದರು. ಮುಂದೆ ಆ ಧರ್ಮದ ಆಳಕ್ಕಿಳಿದ ವ್ಯಕ್ತಿಯ ಮೊದಲ ಪರಿಚಯ ಹೀಗೆ ನಗೆ ತರಿಸುವಂಥದು.

ಕಲ್ಕತ್ತೆಯಲ್ಲಿ ಹೆಂಗಸರಿಗೆ ಸ್ತ್ರೀಧರ್ಮವನ್ನು ಉಪದೇಶಿಸಲು ಕೇಳಿಕೊಂಡಾಗ ರಮಾಬಾಯಿಯವರು ಧರ್ಮಶಾಸ್ತ್ರಗಳನ್ನು ಹೊಸದಾಗಿ ಓದಿದರು. ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೈಗಿತ್ತು, ಓದಿ ನೋಡುವಂತೆ ಹೇಳಿದರು. ತಂದೆ ನಿಲ್ಲಿಸಿದ ಗಡಿಯನ್ನು ಮಗಳು ಹೀಗೆ ದಾಟಿದಳು. ಬೇರೆಲ್ಲ ವಿಷಯಗಳಲ್ಲಿ ಭಿನ್ನಮತವಿರುವ ಗ್ರಂಥಗಳು ಹೆಣ್ಣಿನ ಸ್ವಭಾವ ಕೆಟ್ಟದ್ದೆಂಬ ಒಂದು ವಿಷಯದಲ್ಲಿ ಮಾತ್ರ ಒಮ್ಮತದಿಂದಿವೆ ಎಂಬ ತೀರ್ಮಾನಕ್ಕೆ ಅವರು ಬಂದರು. ಶಾಸ್ತ್ರಸಾಹಿತ್ಯವನ್ನು ಬಲ್ಲವರು ಈ ತೀರ್ಮಾನವನ್ನು ಪೂರ್ತಿಯಾಗಿ ಒಪ್ಪಲಾರರು, ಅಪವಾದಗಳನ್ನು ತೋರಿಸಬಲ್ಲರು. ಆದರೆ ಓದಿದವರು ಯಾರು, ಯಾವ ಅನುಭವದ ಬೆಂಕಿಯಲ್ಲಿ ಬೆಂದು ಬಂದು ಓದಿದರು ಎಂಬುದನ್ನು ಮರೆಯಲಾಗದು.

1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡರು. ಅದೇ ವರ್ಷ ಬಿಪಿನ್ ಬಿಹಾರಿ ದಾಸ ಮೇಧಾವಿ ಎಂಬ ಬಂಗಾಳಿ ವಕೀಲರೊಡನೆ, ಜಾತಿಯ ಮೇರೆಯನ್ನು ಮೀರಿ, ರಿಜಿಸ್ಟರ್ ವಿವಾಹವಾಯಿತು. 1881ರ ಏಪ್ರಿಲಿನಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿ ಕಾಲರಾಕ್ಕೆ ಬಲಿಯಾದರು. ಗಂಡನ ಪುಸ್ತಕಗಳ ನಡುವೆ ದೊರೆತ ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯನ್ನು ಅವರು ಆಗಲೇ ಓದಿದ್ದರು. ಕೈಗೂಸಿನೊಡನೆ ಪುಣೆಗೆ ಬಂದು, ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸ್ತ್ರೀಧರ್ಮನೀತಿ ಎಂಬ ಮರಾಠಿ ಗ್ರಂಥವನ್ನು ಬರೆದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು ಭಾರತಕ್ಕೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದರು. ತಾವೇ ವೈದ್ಯವಿದ್ಯೆ ಕಲಿಯಬೇಕೆಂಬ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿಯ ದೋಷದಿಂದ ಆ ಆಸೆ ಕೈಗೂಡಲಿಲ್ಲ.

4

ವಾಂಟೇಜ್ ಎಂಬ ಊರಿನ ಸಂತ ಮೇರಿ ಸನ್ಯಾಸಿನಿಯರ ಮಠದಲ್ಲಿ ಅವರು ಇಳಿದುಕೊಂಡರು. ಆ ಸಂಸ್ಥೆಗೆ ಲಂಡನ್ನಿನ ಫುಲ್ಹಮ್‌ನಲ್ಲಿ ಒಂದು ಶಾಖೆಯಿತ್ತು. ವೇಶ್ಯಾವೃತ್ತಿಯಲ್ಲಿ ಸಿಕ್ಕಿಬಿದ್ದ, ಲೋಕ ಹೊರಗೆ ಹಾಕಿದ ಹೆಂಗಸರಿಗೆ ಅಲ್ಲಿ ಆಶ್ರಯ. ರಮಾಬಾಯಿಯವರು ಅಲ್ಲಿ ಕೆಲವು ದಿನ ಉಳಿದು ಕಂಡ ದೃಶ್ಯ ಅವರ ಜೀವನದ ತಿರುವಾಯಿತು. ಒಮ್ಮೆ ಅದೇ ಮನೆಗೆ ಆಶ್ರಿತರಾಗಿ ಬಂದಿದ್ದ ಹೆಂಗಸರು ಈಗ ರೋಗಿಗಳ, ದುರ್ಬಲರ ಶುಶ್ರೂಷೆಗೆ ತಮ್ಮ ಜೀವನವನ್ನೇ ಕೊಟ್ಟುಕೊಂಡಿದ್ದರು. ತಪ್ಪಿದವಳನ್ನು ದಂಡಿಸುವ, ಊರ ಹೊರಗಿಡುವ ವಿಧಿಗಳನ್ನು ಓದಿ ಬಲ್ಲ ಪಂಡಿತೆಗೆ, ತಪ್ಪಿದವಳೇ ಮತ್ತೊಬ್ಬರಿಗೆ ಆಸರೆಯಾಗುವುದು ಊಹೆಗೆ ಮೀರಿದ್ದಾಗಿತ್ತು. ಇವರ ಮೇಲೆ ಇಷ್ಟು ಕನಿಕರವೇಕೆ ಎಂದು ಸನ್ಯಾಸಿನಿಯೊಬ್ಬರನ್ನು ಕೇಳಿದರು. ಆಕೆ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಓದಿ ವಿವರಿಸಿದರು: ಬಾವಿಯ ಬಳಿ ನೀರಿಗೆ ಬಂದ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತನಾಡಿದ ಪ್ರಸಂಗ.

ಈ ಕಥೆಯ ಹೆಂಗಸು ಐವರು ಗಂಡಂದಿರನ್ನು ಕಂಡವಳು, ಜಾತಿಯಿಂದಲೂ ಯೆಹೂದ್ಯರಿಗೆ ದೂರದವಳು. ಯೇಸು ಅವಳ ಬದುಕನ್ನು ಮುಚ್ಚುಮರೆಯಿಲ್ಲದೆ ಎದುರಿಗಿಡುತ್ತಾನೆ, ಹೀಗಳೆಯುವುದಿಲ್ಲ. ಅವಳ ಕೈಯ ನೀರನ್ನೇ ಕೇಳುತ್ತಾನೆ. ತನ್ನ ತಪ್ಪನ್ನು ತಿಳಿದ ಅವಳು ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಓಡಿ ಇತರರನ್ನು ಕರೆತರುತ್ತಾಳೆ. ಸತ್ಯವನ್ನು ಮುಚ್ಚಿಡದ, ಆದರೆ ಮಾನವನ್ನು ಕಳೆಯದ ಈ ರೀತಿಯೇ ರಮಾಬಾಯಿಯವರನ್ನು ಗೆದ್ದಿತು. ನೆಹೆಮಿಯಾ ಗೋರೆಯವರ ಬರಹಗಳು ಬುದ್ಧಿಯ ಸಂದೇಹಗಳನ್ನು ಸಡಿಲಿಸಿದ್ದುವು. ಫುಲ್ಹಮ್ ಹೃದಯವನ್ನು ಒಲಿಸಿತು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು. ಜೊತೆಯಲ್ಲಿ ಬಂದಿದ್ದ ಗೆಳತಿ ಆನಂದಿಬಾಯಿ ಭಗತ್ ಅದೇ ವರ್ಷ ಅಲ್ಲಿಯೇ ಆತ್ಮಹತ್ಯೆ ಮಾಡಿಕೊಂಡರು. ಈ ಮತಾಂತರದ ಕಥೆಯನ್ನು ಬರಿಯ ಬೆಳಕಿನ ಕಥೆಯೆಂದು ಹೇಳುವುದು ಆ ಸಾವಿಗೆ ಅನ್ಯಾಯವಾದೀತು.

ದೀಕ್ಷೆಯ ಅನಂತರವೂ ರಮಾಬಾಯಿಯವರು ಗುರುಗಳ ಮಾತಿಗೆ ತಲೆದೂಗಿ ಕೂರಲಿಲ್ಲ. ಚೆಲ್ಟೆನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಡೊರೊಥಿಯಾ ಬೀಲ್ ಅವರ ಆಶ್ರಯದಲ್ಲಿದ್ದಾಗ ತ್ರಿತ್ವ ಮೊದಲಾದ ಸಿದ್ಧಾಂತಗಳನ್ನು ಪ್ರಶ್ನಿಸಿ ಪತ್ರಗಳನ್ನು ಬರೆದರು. ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ಅವರಿಗೆ ಇದು ಅಹಂಕಾರವಾಗಿ ಕಂಡಿತು; ಶಿಷ್ಯೆ ತನ್ನ ಗರ್ವಕ್ಕಾಗಿ ಪಶ್ಚಾತ್ತಾಪ ಪಡಬೇಕೆಂಬುದು ಅವರ ಭಾವನೆ. ಪುರೋಹಿತರ ನೊಗವೊಂದನ್ನು ಬಹು ಕಷ್ಟದಿಂದ ಕಳಚಿ ಬಂದವಳು ಇನ್ನೊಂದಕ್ಕೆ ಕೊರಳೊಡ್ಡಲಾರೆ ಎಂಬುದು ರಮಾಬಾಯಿಯವರ ನಿಲುವು. ಇಲ್ಲಿ ಒಂದು ಗಂಭೀರವಾದ ಪ್ರಶ್ನೆಯಿದೆ. ಪಶ್ಚಾತ್ತಾಪವನ್ನು ಇನ್ನೊಬ್ಬರ ಮೇಲೆ ಹೇರಬಹುದೆ? ಬೋಧಿಸುವವರ ಅಧಿಕಾರವನ್ನು ಒಪ್ಪದಿರುವುದೂ ಪಾಪವೆ? ತಮ್ಮ ಅಂತಃಸಾಕ್ಷಿಯನ್ನು ದೇವರಿಗಲ್ಲದೆ ಮನುಷ್ಯರಿಗೆ ಒಪ್ಪಿಸಲು ಅವರು ನಿರಾಕರಿಸಿದರು.

5

1886ರಲ್ಲಿ ಆನಂದಿಬಾಯಿ ಜೋಶಿಯವರ ವೈದ್ಯಕೀಯ ಪದವಿಪ್ರದಾನವನ್ನು ನೋಡಲು ಅಮೆರಿಕೆಗೆ ಹೋದರು. ಉಚ್ಚವರ್ಣದ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಅವರು ಬರೆದ ಪುಸ್ತಕ 1887ರಲ್ಲಿ ಪ್ರಕಟವಾಯಿತು. ಅದೇ ವರ್ಷ ಬಾಸ್ಟನ್ನಿನಲ್ಲಿ ಅವರ ಹೆಸರಿನ ಸಂಘ ಸ್ಥಾಪಿತವಾಗಿ, ಅದರ ನೆರವಿನಿಂದ 1889ರ ಮಾರ್ಚಿ 11ರಂದು ಮುಂಬಯಿಯಲ್ಲಿ ಶಾರದಾಸದನ ಆರಂಭವಾಯಿತು. ಮರುವರ್ಷ ಪುಣೆಗೆ ಬಂದಿತು. ಬಾಲವಿಧವೆಯರಿಗಾಗಿ ತೆರೆದ ಈ ಶಾಲೆ ಮತದ ವಿಷಯದಲ್ಲಿ ತಟಸ್ಥವಾಗಿರತಕ್ಕದ್ದೆಂದು ಒಪ್ಪಂದ. ಸಲಹಾಸಮಿತಿಯಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಹಿರಿಯರಿದ್ದರು.

ಈ ವರ್ಷಗಳಲ್ಲಿಯೇ ರಮಾಬಾಯಿಯವರ ಸ್ವಂತ ಮಾನಸಾಂತರ ನಡೆಯಿತು. ದೀಕ್ಷೆ ಪಡೆದು ಎಂಟು ವರ್ಷವಾಗಿತ್ತು. ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮವೃತ್ತವನ್ನು ಓದುತ್ತಿದ್ದಾಗ, ಉಪದೇಶಿಯಾಗಿದ್ದೂ ತಾನೇ ಪರಿವರ್ತನೆ ಹೊಂದಿರಲಿಲ್ಲವೆಂದು ಆತ ಒಪ್ಪಿಕೊಂಡ ಭಾಗ ಅವರನ್ನು ಕಲಕಿತು. ತಮಗೆ ದೊರೆತದ್ದು ಕ್ರೈಸ್ತ ಮತವೇ ಹೊರತು ಕ್ರಿಸ್ತನಲ್ಲ ಎಂದು ಅವರಿಗೆ ಅನ್ನಿಸಿತು. ಅದುವರೆಗೆ ಇತರರ ಉದ್ಧಾರಕ್ಕೆ ದುಡಿಯುತ್ತಿದ್ದ ವಿದುಷಿ ತಾನೂ ಕ್ಷಮೆ ಬೇಡಬೇಕಾದವಳೆಂದು ಕಂಡುಕೊಂಡರು. ಪಾಪಿಗಳಿಗೆ ನೆರವಾಗುವವರು ಪಾಪಿಗಳಿಗಿಂತ ಮೇಲೆ ನಿಂತಿಲ್ಲ ಎಂಬ ಅರಿವು ಅವರ ಮುಂದಿನ ಕಾರ್ಯಕ್ಕೆ ತಳಹದಿಯಾಯಿತು.

ಈ ಒಳಗಿನ ಬದಲಾವಣೆ ಹೊರಗೆ ಬಿರುಗಾಳಿ ಎಬ್ಬಿಸಿತು. ತಮ್ಮ ಕೋಣೆಯ ಬಾಗಿಲು ತೆರೆದೇ ಅವರು ಪ್ರಾರ್ಥಿಸುತ್ತಿದ್ದರು. ಹುಡುಗಿಯರು ಬಂದು ಕುಳಿತರೆ ಬೇಡವೆನ್ನುತ್ತಿರಲಿಲ್ಲ. ಕೆಲವರು ಕ್ರೈಸ್ತಮತದತ್ತ ಒಲಿದರು. ಮಾತಿಗೆ ತಪ್ಪಿದರೆಂದು ಪತ್ರಿಕೆಗಳು ಆರೋಪಿಸಿದುವು. ತಿಲಕರ ಕೇಸರಿ ಕಟುವಾಗಿ ಬರೆಯಿತು. 1893ರಲ್ಲಿ ಸಲಹಾಸಮಿತಿಯ ಹಿರಿಯರು ಹೊರನಡೆದರು, ಹಲವು ಪಾಲಕರು ಮಕ್ಕಳನ್ನು ಕರೆದೊಯ್ದರು. ವಿರೋಧಿಗಳ ಆಕ್ಷೇಪವನ್ನು ಬರಿಯ ಸಂಕುಚಿತ ಬುದ್ಧಿಯೆಂದು ತಳ್ಳಿಹಾಕುವುದು ಸರಿಯಲ್ಲ. ಆಶ್ರಯ ಕೊಟ್ಟವರ ಪ್ರಭಾವ, ಬೇರೆ ನೆಲೆಯಿಲ್ಲದ ಎಳೆಯರ ಮೇಲೆ ಎಷ್ಟು ಬಲವಾದದ್ದು ಎಂಬುದನ್ನು ಆಲೋಚಿಸಲೇಬೇಕು. ಅದೇ ವೇಳೆ, ಸದನದ ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ ಹಿಂದೂವಾಗಿಯೇ ಉಳಿದು, 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದದ್ದೂ ಅದೇ ಮನೆಯ ಚರಿತ್ರೆಗೆ ಸೇರಿದ ಸಂಗತಿ. ಎರಡನ್ನೂ ಜೊತೆಗಿಟ್ಟು ನೋಡಿದಾಗ ಮಾತ್ರ ನ್ಯಾಯ ದೊರೆತೀತು.

6

1896-97ರಲ್ಲಿ ಮಧ್ಯಪ್ರಾಂತ್ಯವನ್ನು ಕ್ಷಾಮ ಕವಿಯಿತು. ಹಸಿವಿನಿಂದ ತಂದೆತಾಯಿಗಳನ್ನು ಕಳೆದುಕೊಂಡಿದ್ದ ರಮಾಬಾಯಿಯವರಿಗೆ ಸುಮ್ಮನಿರಲಾಗಲಿಲ್ಲ. ತಾವೇ ಅಲ್ಲಿಗೆ ಹೋದರು. ಹಿಡಿ ಧಾನ್ಯಕ್ಕಾಗಿ ಹೆಣ್ಣುಮಕ್ಕಳು ಮಾರಾಟವಾಗುತ್ತಿದ್ದುದನ್ನೂ, ಪರಿಹಾರ ಶಿಬಿರಗಳಲ್ಲಿಯೇ ಅವರ ಮಾನಹಾನಿಯಾಗುತ್ತಿದ್ದುದನ್ನೂ ಕಂಡರು. ಕಂಡದ್ದನ್ನು ಬರೆದು ಪ್ರಕಟಿಸಿದರು. ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯಿಂದ ಮೂವತ್ತನಾಲ್ಕು ಮೈಲಿ ದೂರದ ಕೇಡಗಾಂವ್‌ನಲ್ಲಿ ಹಣ್ಣಿನ ತೋಟಕ್ಕೆಂದು ಮೊದಲೇ ಕೊಂಡಿದ್ದ ನೂರು ಎಕರೆ ಬಯಲು ಅವರ ನೆಲೆಯಾಯಿತು. ಅದೇ ಮುಕ್ತಿಸದನ. 1900ರ ಸುಮಾರಿಗೆ, ಗುಜರಾತಿನ ಕ್ಷಾಮಪೀಡಿತರೂ ಸೇರಿ, ಅಲ್ಲಿ ಎರಡು ಸಾವಿರದಷ್ಟು ಜನರಿದ್ದರು. ಬಾವಿ ತೋಡುವುದು, ಬೇಸಾಯ, ಹೈನು, ನೇಯ್ಗೆ, ಎಣ್ಣೆಗಾಣ, ಅಚ್ಚುಕೂಟ ಎಲ್ಲವೂ ಹೆಂಗಸರ ಕೈಯಲ್ಲೇ ನಡೆದುವು. ಕುರುಡರಿಗಾಗಿ ಬೇರೊಂದು ಮನೆ ಏರ್ಪಟ್ಟಿತು. ಮನೋರಮಾ ಅವರು ಅಮೆರಿಕೆಯಲ್ಲಿ ಕಲಿತು ಬಂದ ಬ್ರೈಲ್ ಲಿಪಿ ಅಲ್ಲಿ ಬಳಕೆಗೆ ಬಂದಿತು.

ಇದೇ ಆವರಣದಲ್ಲಿ ಕೃಪಾಸದನ ಎಂಬ ಮನೆಯೊಂದು ನಿಂತಿತು. ಅದು ಫುಲ್ಹಮ್ಮಿನಲ್ಲಿ ಕಂಡ ಕನಸಿನ ಭಾರತೀಯ ರೂಪ. ಪತಿತೆಯರೆಂದು ಸಮಾಜ ಕರೆದ ಹೆಂಗಸರಿಗೆ ಅಲ್ಲಿ ವಾಸ, ಪಾಠ, ಕೆಲಸ. ಇಲ್ಲಿ ರಮಾಬಾಯಿಯವರ ದೃಷ್ಟಿಯ ಎರಡು ಮುಖಗಳನ್ನು ಗುರುತಿಸಬೇಕು. ಬಂದವಳು ತನ್ನ ಹಿಂದಿನ ದಾರಿಯನ್ನು ಬಿಡಬೇಕು, ಅದರಲ್ಲಿ ಅವರದು ಸಡಿಲವಿಲ್ಲದ ನಿಷ್ಠುರತೆ. ಆದರೆ ಅವಳನ್ನು ಆ ದಾರಿಗೆ ತಳ್ಳಿದ ಹಸಿವು, ವೈಧವ್ಯ, ಗಂಡಸರ ಕ್ರೌರ್ಯ ಇವುಗಳ ಪಾಪವನ್ನು ಅವಳ ತಲೆಗೆ ಕಟ್ಟಲು ಅವರು ಒಪ್ಪಲಿಲ್ಲ. ಶಿಬಿರಗಳ ಅನಾಚಾರವನ್ನು ಬಯಲಿಗೆಳೆದದ್ದು ಇದೇ ಕಾರಣಕ್ಕೆ. ಪಶ್ಚಾತ್ತಾಪ ಪಡಬೇಕಾದ ಪಟ್ಟಿಯಲ್ಲಿ ಕೃಪಾಸದನದ ಒಳಗಿದ್ದವರಿಗಿಂತ ಹೊರಗಿದ್ದವರೇ ಹೆಚ್ಚು ಎಂಬುದು ಅವರ ಬರಹಗಳನ್ನು ಓದಿದವರಿಗೆ ಹೊಳೆಯದಿರದು. ಮತ್ತೂ ಒಂದು ಮಾತು: ತಿರುಗಿ ಬರುವವಳಿಗೆ ಉಪದೇಶ ಮಾತ್ರ ಕೊಟ್ಟರೆ ಅವಳು ಎಲ್ಲಿ ನಿಲ್ಲಬೇಕು? ಉಣ್ಣಲು ಅನ್ನ, ಮಾಡಲು ಕಸುಬು, ಮಲಗಲು ಭದ್ರವಾದ ಚಾವಡಿ ಇಲ್ಲದೆ ಮಾನಸಾಂತರ ಮೂರು ದಿನದ ಮಾತಾಗುತ್ತದೆ. ಹಸಿವನ್ನು ಅರಿತ ರಮಾಬಾಯಿಯವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

1905ರಲ್ಲಿ ಮುಕ್ತಿಸದನದಲ್ಲಿ ದೊಡ್ಡದೊಂದು ಧಾರ್ಮಿಕ ಜಾಗೃತಿ ಉಂಟಾಯಿತು. ವೇಲ್ಸ್ ದೇಶದ ಜಾಗೃತಿಯ ಸುದ್ದಿ ಆಗ ಲೋಕದಲ್ಲೆಲ್ಲ ಹರಡಿತ್ತು. ವರ್ಷಾರಂಭದಲ್ಲಿ ಎಪ್ಪತ್ತು ಮಂದಿಯಿಂದ ತೊಡಗಿದ ಪ್ರಾರ್ಥನಾಕೂಟ ಜೂನ್ ವೇಳೆಗೆ ಐನೂರೈವತ್ತಕ್ಕೆ ಬೆಳೆಯಿತು. ಜೂನ್ ಕೊನೆಯಲ್ಲಿ ಹುಡುಗಿಯರು ಅಳುತ್ತ ತಮ್ಮ ತಪ್ಪುಗಳನ್ನು ಬಾಯಿಬಿಟ್ಟು ಹೇಳಿಕೊಳ್ಳತೊಡಗಿದರು. ಪಾಠಪ್ರವಚನಗಳು ಕೆಲಕಾಲ ನಿಂತುವು. ರಮಾಬಾಯಿಯವರ ಸಹಾಯಕಿ ಮಿನ್ನೀ ಏಬ್ರಮ್ಸ್ ಇದರ ವಿವರಗಳನ್ನು ಬರೆದಿಟ್ಟರು. ಭಾವೋದ್ರೇಕವೆಂದು ಹೊರಗಿನವರು, ಕ್ರೈಸ್ತರಲ್ಲಿಯೂ ಕೆಲವರು, ಸಂದೇಹಿಸಿದರು. ರಮಾಬಾಯಿಯವರು ಅದನ್ನು ತಡೆಯಲಿಲ್ಲ. ಭಾರತದ ಹೆಣ್ಣು ಪಾಶ್ಚಾತ್ಯರ ಪ್ರಾರ್ಥನಾಕ್ರಮವನ್ನೇ ಅನುಸರಿಸಬೇಕಾಗಿಲ್ಲ, ತನ್ನ ರೀತಿಯಲ್ಲಿ ಅಳಬಹುದು, ಹಾಡಬಹುದು ಎಂಬುದು ಅವರ ಅಭಿಪ್ರಾಯವಾಗಿತ್ತು. ಮನಸ್ಸು ಹಗುರವಾದ ಹುಡುಗಿಯರು ತಂಡಕಟ್ಟಿ ಸುತ್ತಣ ಹಳ್ಳಿಗಳಿಗೆ ಹೊರಟರು. ಸಮಾರ್ಯದ ಹೆಂಗಸು ಕೊಡ ಬಿಟ್ಟು ಊರಿಗೆ ಓಡಿದ ಪ್ರಸಂಗವೇ ಇಲ್ಲಿ ಮರುಕಳಿಸಿದಂತಿದೆ.

7

ಕೊನೆಯ ಹದಿನೈದು ವರ್ಷಗಳಿಗಿಂತ ಹೆಚ್ಚು ಕಾಲವನ್ನು ಅವರು ಬೈಬಲಿನ ಮರಾಠಿ ಅನುವಾದಕ್ಕೆ ಮೀಸಲಿಟ್ಟರು. ಇದ್ದ ಅನುವಾದ ಸಂಸ್ಕೃತಭೂಯಿಷ್ಠವಾಗಿದ್ದು ಓದುಬರಹ ಆಗಷ್ಟೇ ಕಲಿತ ಹೆಂಗಸರಿಗೆ ನಿಲುಕುತ್ತಿರಲಿಲ್ಲ. ಹದಿನೆಂಟು ಸಾವಿರ ಶ್ಲೋಕ ಬಲ್ಲ ಪಂಡಿತೆ ಸಂಸ್ಕೃತವನ್ನು ಬದಿಗಿಟ್ಟು, ಮುಪ್ಪಿನ ದಿನಗಳಲ್ಲಿ ಹೀಬ್ರೂ ಗ್ರೀಕ್‌ಗಳನ್ನು ಕಲಿತು, ಆಡುಮಾತಿನಲ್ಲಿ ಬರೆದರು. ಮುಕ್ತಿಯ ಹೆಂಗಸರೇ ಅಕ್ಷರ ಜೋಡಿಸಿ ಅಚ್ಚು ಹಾಕಿದರು. ಭಾಷೆಯ ವಿದ್ಯಾರ್ಥಿಗಳಾದ ನಮಗೆ ಇದೂ ಒಂದು ಮಾನಸಾಂತರವಾಗಿ ಕಾಣುತ್ತದೆ. ಇದೇ ಅವಧಿಯಲ್ಲಿ, 1912ರಲ್ಲಿ, ನಿಜಾಮನ ಆಳ್ವಿಕೆಯಲ್ಲಿದ್ದ ಗುಲ್ಬರ್ಗಾದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ಶಾಲೆಯೊಂದನ್ನು ತೆರೆದರು. ಮನೋರಮಾ ಅವರು ಅದರ ಹೊಣೆ ಹೊತ್ತರು. ಆರು ತಿಂಗಳ ಕೂಸಾಗಿ ಬಿಟ್ಟು ಹೋದ ನಾಡಿಗೆ ಅವರ ಕಾರ್ಯ ಹೀಗೆ ಮರಳಿತು.

1919ರಲ್ಲಿ ಸರ್ಕಾರ ಕೈಸರ್-ಎ-ಹಿಂದ್ ಪದಕ ಕೊಟ್ಟಿತು. 1921ರ ಜುಲೈಯಲ್ಲಿ ಮಗಳು ಮನೋರಮಾ ನಲವತ್ತರ ಹರೆಯದಲ್ಲಿ ತೀರಿಕೊಂಡಳು. ತಾಯಿ, ತಂದೆ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳುಹಿಸಿಕೊಟ್ಟವರು ಈಗ ಮಗಳನ್ನೂ ಕಳುಹಿಸಿಕೊಟ್ಟರು. 1922ರ ಏಪ್ರಿಲ್ 5ರಂದು, ಅನುವಾದವನ್ನು ಪೂರೈಸಿ, ರಮಾಬಾಯಿಯವರು ಕಣ್ಣುಮುಚ್ಚಿದರು. 1989ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಕೇಡಗಾಂವ್‌ನ ಸಂಸ್ಥೆ ಇಂದಿಗೂ ನಡೆದುಬರುತ್ತಿದೆ.

ರಮಾಬಾಯಿಯವರ ಮತಾಂತರವನ್ನು ಒಪ್ಪುವವರೂ ಇರಬಹುದು, ಒಪ್ಪದವರೂ ಇರಬಹುದು. ಆದರೆ ಅವರ ಬದುಕು ನಮ್ಮ ಮುಂದಿಡುವ ಪ್ರಶ್ನೆ ಯಾವ ಮತದ ಬೇಲಿಗೂ ಒಳಪಟ್ಟುದಲ್ಲ. ತಪ್ಪನ್ನು ತಪ್ಪೆಂದು ಹೇಳುವ ನೇರ ನುಡಿ ಸಮಾಜದಲ್ಲಿ ಎಂದೂ ಕಡಿಮೆಯಾಗಿಲ್ಲ. ತಿರುಗಿ ಬಂದವರಿಗೆ ಬಾಗಿಲು ತೆರೆಯುವ ಕೈಗಳು ಮಾತ್ರ ಎಂದಿಗೂ ವಿರಳವೇ. ಉಡುಪಿಯ ವಿದ್ವಾಂಸರ ಮುಂದೆ ತಂದೆ ತೆರೆಯಲು ಯತ್ನಿಸಿದ್ದು ಒಂದು ಬಾಗಿಲು; ಕೇಡಗಾಂವ್‌ನ ಬಯಲಿನಲ್ಲಿ ಮಗಳು ತೆರೆದದ್ದು ಇನ್ನೊಂದು. ಎರಡೂ ಒಂದೇ ಮನೆತನದ ಕೆಲಸವೆಂದು ಗಂಗಾಮೂಲದ ಕಾಡನ್ನು ಬಲ್ಲ ನಾವು ಹೆಮ್ಮೆಯಿಂದ, ಸ್ವಲ್ಪ ನಾಚಿಕೆಯಿಂದಲೂ, ನೆನೆಯಬೇಕಾಗಿದೆ.